ಪಿಂಗಳ ಸಂವತ್ಸರದ ಪುಸ್ತಕ

"ಗುರುಗಳೇ, ಪುಸ್ತಕಗಳನ್ನು ಜೋಡಿಸುವುದಕ್ಕೆ ಸರಿಯಾದ ಕ್ರಮ ಯಾವುದು?" ಎಂದು ಶಿಷ್ಯ ಕೊಟ್ರಯ್ಯ ಕೇಳಿದ.

ಮಠದ ಗ್ರಂಥಾಲಯಕ್ಕೆ ಆಗ ಹೊಸದಾಗಿ ಕಂಪ್ಯೂಟರ್ ಬಂದಿತ್ತು. ಕಪಾಟುಗಳಲ್ಲಿದ್ದ ಪ್ರತಿ ಪುಸ್ತಕಕ್ಕೂ ಒಂದೊಂದು ದಾಖಲೆ ಬರೆಯುವ ಕೆಲಸವನ್ನು ಗುರುಗಳು ಕೊಟ್ರಯ್ಯನಿಗೂ ಇನ್ನೊಬ್ಬ ಶಿಷ್ಯ ಶಾಂತಯ್ಯನಿಗೂ ಒಟ್ಟಿಗೆ ಒಪ್ಪಿಸಿದ್ದರು. ಬರೆದವರು ಯಾರು, ಪುಸ್ತಕದ ಹೆಸರೇನು, ಎಲ್ಲಿ ಅಚ್ಚಾಯಿತು, ಯಾವ ವರ್ಷ ಎಂದು ಒಂದೊಂದು ದಾಖಲೆಯಲ್ಲೂ ಬರೆಯಬೇಕಿತ್ತು. ಬರೆದಾದ ಮೇಲೆ ಅವನ್ನು ಜೋಡಿಸುವುದಕ್ಕೆ ಕೈ ನೋಯಬೇಕಾಗಿರಲಿಲ್ಲ. ಕಪ್ಪು ಪರದೆಯ ಮೇಲೆ ಒಂದು ಸಾಲು ಕಮಾಂಡ್ ಬರೆದು ಕೀಲಿ ಒತ್ತಿದರೆ, ಎಲ್ಲ ದಾಖಲೆಗಳೂ ಹೇಳಿದ ಕ್ರಮದಲ್ಲಿ ಬಂದು ನಿಲ್ಲುತ್ತಿದ್ದವು.

ಕೊಟ್ರಯ್ಯ ಅವನ್ನು ಲೇಖಕರ ಹೆಸರಿನ ಪ್ರಕಾರ ಜೋಡಿಸಿದ. ಮರುದಿನ ಬಂದು ನೋಡಿದರೆ ಶಾಂತಯ್ಯ ಅವನ್ನು ವಿಷಯದ ಪ್ರಕಾರ ತಿರುಗಿಸಿ ಇಟ್ಟಿದ್ದ. ಕೊಟ್ರಯ್ಯ ಮತ್ತೆ ಹೆಸರಿಗೆ ತಂದ. ಶಾಂತಯ್ಯ ಮತ್ತೆ ವಿಷಯಕ್ಕೆ ಒಯ್ದ. ಈಗ ಇಬ್ಬರೂ ದಾಸೋಹದಲ್ಲಿ ಒಂದೇ ಸಾಲಿನಲ್ಲಿ ಕೂರುತ್ತಿರಲಿಲ್ಲ.

"ನಿನ್ನ ಪ್ರಶ್ನೆ ಪುಸ್ತಕದ್ದೋ, ಶಾಂತಯ್ಯನದ್ದೋ?" ಎಂದು ಗುರುಗಳು ಕೇಳಿದರು.

"ಪುಸ್ತಕದ್ದೇ, ಗುರುಗಳೇ."

"ಹಾಗಿದ್ದರೆ ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಇಬ್ಬರು ಶಾಲಾ ಶಿಕ್ಷಕಿಯರಿದ್ದರು. ಒಬ್ಬಳ ಹೆಸರು ರುದ್ರಮ್ಮ, ಇನ್ನೊಬ್ಬಳ ಹೆಸರು ಇಂದುಮತಿ. ಒಂದೇ ಶಾಲೆಯಲ್ಲಿ, ಅಕ್ಕಪಕ್ಕದ ಕೋಣೆಗಳಲ್ಲಿ ಪಾಠ ಹೇಳಿದವರು. ಮೂರನೆಯ ತರಗತಿಯಲ್ಲಿ ಗಲಾಟೆಯಾದರೆ ಎರಡನೆಯ ತರಗತಿಯಿಂದ ರುದ್ರಮ್ಮ ಗೋಡೆ ತಟ್ಟುತ್ತಿದ್ದಳು. ಇಂದುಮತಿಯ ಮಕ್ಕಳು ಸುಮ್ಮನಾಗುತ್ತಿದ್ದರು. ರುದ್ರಮ್ಮ ವಯಸ್ಸಿನಲ್ಲಿ ಹಿರಿಯಳು. ಇಂದುಮತಿ ಅವಳನ್ನು ಅಕ್ಕ ಎನ್ನುತ್ತಿದ್ದಳು. ರುದ್ರಮ್ಮ ಇವಳನ್ನು ಇಂದೂ ಎಂದು ಕರೆಯುತ್ತಿದ್ದಳು.

ಇಬ್ಬರೂ ಕೆಲಸದಿಂದ ನಿವೃತ್ತರಾದರು. ಶಾಲೆಯ ಗಂಟೆ ಇಲ್ಲದೆ ಹೊತ್ತು ಹೋಗಲಿಲ್ಲ. ಒಂದು ದಿನ ರುದ್ರಮ್ಮ ಹೇಳಿದಳು: "ಇಂದೂ, ನಾವು ಮಕ್ಕಳಿಗೆ ಹೇಳಿಕೊಟ್ಟ ಹಾಡು, ಕತೆ ಎಲ್ಲ ಎಲ್ಲಿಂದ ಬಂದವು? ಯಾವ ಯಾವುದೋ ಸಣ್ಣ ಪುಸ್ತಕಗಳಿಂದ. ಆ ಪುಸ್ತಕಗಳನ್ನು ಈಗ ಯಾರೂ ಇಟ್ಟುಕೊಂಡಿಲ್ಲ. ನಮ್ಮ ಸೀಮೆಯಲ್ಲಿ ಮಕ್ಕಳಿಗೆಂದು ಅಚ್ಚಾದದ್ದನ್ನೆಲ್ಲ ಹುಡುಕಿ ಒಂದು ಸೂಚಿ ಮಾಡಿಡೋಣ."

ಹುಡುಕಲು ಹೊರಟರು. ಬಸ್ಸಿನಲ್ಲಿ ಹೋದರು, ಬಸ್ಸು ಹೋಗದ ಕಡೆ ನಡೆದರು. ಹಳೆಯ ಮಾಸ್ತರುಗಳ ಮನೆಗಳಿಗೆ ಹೋಗಿ ಅಟ್ಟ ಹತ್ತಿಸಿ ಟ್ರಂಕು ಇಳಿಸಿದರು. ಮುಚ್ಚಿಹೋದ ಅಚ್ಚುಕೂಟಗಳ ಹಿತ್ತಿಲಲ್ಲಿ ಗೆದ್ದಲು ತಿಂದ ಕಟ್ಟುಗಳನ್ನು ಕೊಡವಿದರು. ಒಂದು ಪುಸ್ತಕ ಸಿಕ್ಕಿದರೆ ಒಂದು ಕಾರ್ಡು. ಹುಡುಕಿದವಳು ಬರೆಯಬೇಕು, ಜೊತೆಯವಳು ಓದಿ ತಿದ್ದಬೇಕು. ಬರೆಯುವಾಗ ಹೊಗಳಿಕೆ ಸೇರಿಸಬಾರದು, ತಮ್ಮವರು ತಮಗೆ ಬೇಕಾದವರು ಎಂದು ನೋಡಬಾರದು. ಆ ನಿಯಮ ರುದ್ರಮ್ಮನದು. ಅವಳು ಶಾಲೆಯಲ್ಲಿ ತನ್ನ ಅಣ್ಣನ ಮಗನನ್ನೇ ನಪಾಸು ಮಾಡಿದ್ದವಳು. ನಿಯಮ ಇಂದುಮತಿಗೂ ಒಪ್ಪಿಗೆಯಾಗಿತ್ತು.

ವರ್ಷಗಳು ಕಳೆದವು. ರಟ್ಟಿನ ಪೆಟ್ಟಿಗೆಗಳು ತುಂಬಿದವು. ಊರಿನ ಒಬ್ಬ ಮುದ್ರಕ, "ನನ್ನ ಮಕ್ಕಳಿಗೆ ಅಕ್ಷರ ಕಲಿಸಿದವರು ನೀವು, ಅಚ್ಚು ನಾನು ಮಾಡಿಕೊಡುತ್ತೇನೆ" ಎಂದ. ಇನ್ನು ಉಳಿದದ್ದು ಜೋಡಣೆ ಮಾತ್ರ. ಕಾರ್ಡುಗಳನ್ನು ಯಾವ ಕ್ರಮದಲ್ಲಿಟ್ಟು ಕೊಡಬೇಕು?

ರುದ್ರಮ್ಮ ಹೇಳಿದಳು: "ಲೇಖಕರ ಹೆಸರಿನ ಪ್ರಕಾರ, ಅಕಾರಾದಿಯಾಗಿ. ಹುಡುಕುವವರು ಹೆಸರು ಹಿಡಿದುಕೊಂಡೇ ಬರುತ್ತಾರೆ."

ಇಂದುಮತಿ ಹೇಳಿದಳು: "ಬೇಡ ಅಕ್ಕಾ, ವರ್ಷದ ಪ್ರಕಾರ ಇಡೋಣ. ಯಾರು ಮೊದಲು ಬರೆದರು, ಆಮೇಲೆ ಯಾರು ಬರೆದರು ಎನ್ನುವುದು ಕಾಣಲಿ."

ಇದು ಜಗಳವಾಡುವಂಥ ವಿಷಯವಲ್ಲ ಎಂದು ನಿನಗೆ ಅನ್ನಿಸಬಹುದು. ಅವರಿಗೂ ಮೊದಲು ಹಾಗೇ ಅನ್ನಿಸಿತು. ರುದ್ರಮ್ಮ ಕಾರ್ಡುಗಳನ್ನು ನೆಲದ ಮೇಲೆ ಹರಡಿ ಹೆಸರಿನ ಪ್ರಕಾರ ಜೋಡಿಸಿದಳು. ಅದಕ್ಕೆ ಅವಳಿಗೆ ವಾರಗಟ್ಟಲೆ ಹಿಡಿಯಿತು, ಸೊಂಟ ಹಿಡಿದುಕೊಂಡಿತು. ಇಂದುಮತಿ ಮೊದಲ ಪೆಟ್ಟಿಗೆಯನ್ನು ಮನೆಗೆ ಒಯ್ದು, ವರ್ಷದ ಪ್ರಕಾರ ಇಟ್ಟರೆ ಹೇಗೆ ಕಾಣುತ್ತದೆಂದು ತೋರಿಸಲು ಅದನ್ನು ಕಲಸಿ ಬೇರೆಯಾಗಿ ಜೋಡಿಸಿದಳು. ರುದ್ರಮ್ಮ ಅದನ್ನು ನೋಡಿದಳು. ಅವಳಿಗೆ ನೋವೂ ಸಿಟ್ಟೂ ಒಟ್ಟಿಗೆ ಬಂದವು.

"ನಿನಗೆ ಓದುವವರು ಬೇಡ, ತಾರೀಖು ಬೇಕು" ಎಂದಳು.

ಇಂದುಮತಿಯೂ ಬಿಡಲಿಲ್ಲ. "ನೀವು ಇಷ್ಟು ವರ್ಷ ಹಾಜರಿ ಕೂಗಿ ಕೂಗಿ, ನಿಮಗೆ ಎಲ್ಲದರಲ್ಲೂ ಹಾಜರಿಪಟ್ಟಿಯೇ ಕಾಣುತ್ತದೆ" ಎಂದಳು.

ರುದ್ರಮ್ಮ ಪೆಟ್ಟಿಗೆಯ ಮುಚ್ಚಳ ಹಾಕಿದಳು. ಆಮೇಲೆ, "ಹಾಗೋ, ಇಂದುಮತಿಯವರೇ? ನಿಮ್ಮ ಕಾರ್ಡು ನೀವು ಒಯ್ಯಿರಿ, ನನ್ನ ಕಾರ್ಡು ನನಗಿರಲಿ" ಎಂದಳು.

ಹಾಜರಿಯ ಮಾತು ರುದ್ರಮ್ಮನಿಗೆ ಎಷ್ಟು ಚುಚ್ಚಿತೋ ತಿಳಿಯದು. ಆ 'ನೀವು' ಮಾತ್ರ ಇಂದುಮತಿಗೆ ಬಹಳ ಚುಚ್ಚಿತು. ಅಕ್ಕ ಅವಳನ್ನು ಎಂದೂ ಬಹುವಚನದಲ್ಲಿ ಕರೆದಿರಲಿಲ್ಲ. ಯಾರ ಕೈಬರಹವೋ ಅವರಿಗೆ ಆ ಕಾರ್ಡು ಎಂದು ಭಾಗವಾಯಿತು. ಮುದ್ರಕ ಕಾದ, ಆಮೇಲೆ ಕೇಳುವುದನ್ನು ಬಿಟ್ಟ.

ಒಂದೇ ಊರಿನಲ್ಲಿದ್ದುಕೊಂಡು ಅವರು ಒಂಬತ್ತು ವರ್ಷ ಮಾತಾಡಲಿಲ್ಲ. ಮದುವೆಮನೆಯಲ್ಲಿ ಒಬ್ಬಳು ಕುಳಿತ ಪಂಕ್ತಿಯನ್ನು ನೋಡಿ ಇನ್ನೊಬ್ಬಳು ಮುಂದಿನ ಪಂಕ್ತಿಗೆ ನಿಲ್ಲುತ್ತಿದ್ದಳು. ರುದ್ರಮ್ಮನ ಯಜಮಾನರು ತೀರಿಕೊಂಡಾಗ ಇಂದುಮತಿ ಬಂದಳು. ಹೆಂಗಸರ ನಡುವೆ ಕೂತಳು, ಮಾತಾಡದೆ ಎದ್ದು ಹೋದಳು. ಇಂದುಮತಿಯ ಕಣ್ಣಿಗೆ ಪೊರೆ ಬಂದು ಶಸ್ತ್ರಕ್ರಿಯೆ ಕೈಗೂಡದೆ ಕಣ್ಣು ಹೋಯಿತು ಎಂದು ಯಾರೋ ಹೇಳಿದಾಗ ರುದ್ರಮ್ಮ ಆ ದಿನ ಊಟ ಮಾಡಲಿಲ್ಲ. ಆದರೆ ಹೋಗಿ ನೋಡಲೂ ಇಲ್ಲ. ಹೀಗೆ ಇರುತ್ತಿರುವಾಗಲೂ ರುದ್ರಮ್ಮ ಪುಸ್ತಕ ಹುಡುಕುವುದನ್ನು ಬಿಡಲಿಲ್ಲ. ಸಿಕ್ಕಿದ್ದನ್ನು ಓದಿ ತಿದ್ದುವವರು ಇರಲಿಲ್ಲ, ಅಷ್ಟೇ.

ಆ ಊರಿನ ಗ್ರಂಥಾಲಯಕ್ಕೆ ನಸೀಮಾ ಎಂಬ ಗ್ರಂಥಪಾಲಕಿ ವರ್ಗವಾಗಿ ಬಂದಳು. ಮೂವತ್ತೈದರ ಹೆಂಗಸು, ಮಾತು ಬಹಳ, ನಗು ಅದಕ್ಕಿಂತ ಬಹಳ. ರುದ್ರಮ್ಮನ ಪೆಟ್ಟಿಗೆಗಳ ಸುದ್ದಿ ಅವಳ ಕಿವಿಗೆ ಬಿತ್ತು. ಹುಡುಕಿಕೊಂಡು ಮನೆಗೆ ಹೋದಳು.

"ಟೀಚರ್, ಇವನ್ನೆಲ್ಲ ನಾನು ಕಂಪ್ಯೂಟರಿಗೆ ಹಾಕಿಕೊಡುತ್ತೇನೆ. ಜೋಡಿಸುವ ಕಷ್ಟ ನಿಮಗೆ ಬೇಡ. ಒಂದು ಸಾಲು ಬರೆದರೆ ಅದೇ ಜೋಡಿಸುತ್ತದೆ" ಎಂದಳು.

ರುದ್ರಮ್ಮ ನಂಬಲಿಲ್ಲ. ಆದರೂ ಪೆಟ್ಟಿಗೆಗಳನ್ನು ಕೊಟ್ಟಳು. ನಸೀಮಾ ಬಿಡುವು ಸಿಕ್ಕಾಗಲೆಲ್ಲ ಒಂದೊಂದು ಕಾರ್ಡಿನಲ್ಲಿದ್ದದ್ದನ್ನು ಒಂದೊಂದು ದಾಖಲೆಯಾಗಿ ಹಾಕಿದಳು. ಹಾಕುತ್ತ ಹಾಕುತ್ತ ಅವಳಿಗೆ ಇದು ಅರ್ಧ ಮಾತ್ರ ಎಂದು ಗೊತ್ತಾಯಿತು. ವಿಚಾರಿಸಿದಳು. ಇನ್ನರ್ಧ ಇಂದುಮತಿಯ ಮನೆಯಲ್ಲಿದೆ ಎಂದು ತಿಳಿಯಿತು. ಯಾರನ್ನೂ ಕೇಳದೆ ಅಲ್ಲಿಗೂ ಹೋದಳು.

ಇಂದುಮತಿ ಪೆಟ್ಟಿಗೆಗಳನ್ನು ಮುಟ್ಟಿ ಮುಟ್ಟಿ ಎಣಿಸಿ ಕೊಟ್ಟಳು. ಆಮೇಲೆ ಗೂಡಿನಿಂದ ಒಂದು ತೆಳ್ಳನೆಯ ಪುಸ್ತಕ ತೆಗೆದಳು. 'ಎಳೆಯರ ಎಣಿಕೆ' ಎಂದು ಅದರ ಹೆಸರು. ತಿರುಮಲರಾಯ ಮಾಸ್ತರು ಬರೆದದ್ದು. ಸಾವಿರದ ಒಂಬೈನೂರ ಹತ್ತೊಂಬತ್ತರಲ್ಲಿ ಅಚ್ಚಾದದ್ದು.

"ಇವರು ನನ್ನ ತಂದೆ" ಎಂದಳು. "ಮಕ್ಕಳಿಗೆ ಮಗ್ಗಿಯನ್ನು ಹಾಡಾಗಿ ಬರೆದರು. ಇದು ಮಾಸ್ತರು ಮಾಡುವ ಕೆಲಸವೇ ಎಂದು ಶಾಲೆಯ ತನಿಖೆಗೆ ಬಂದ ಸಾಹೇಬರು ನಕ್ಕರಂತೆ. ಊರವರೂ ನಕ್ಕರಂತೆ. ಬರೆದದ್ದು ಇದೊಂದೇ. ಆಮೇಲೆ ಬರೆಯಲಿಲ್ಲ. ನಾನು ಹುಟ್ಟಿದ ಮೇಲೂ ಆ ನಗುವಿನ ಮಾತನ್ನು ಆಗಾಗ ಹೇಳುತ್ತಿದ್ದರು. ನಾವು ಹುಡುಕಿದ್ದರಲ್ಲಿ ಇದಕ್ಕಿಂತ ಹಳೆಯದು ಇಲ್ಲ. ವರ್ಷದ ಪ್ರಕಾರ ಇಟ್ಟರೆ ಮೊದಲ ಪುಟದಲ್ಲಿ ಮೊದಲ ಹೆಸರು ಅಪ್ಪನದು. ನನಗೆ ಅಷ್ಟೇ ಬೇಕಾಗಿತ್ತು."

"ಇದನ್ನು ರುದ್ರಮ್ಮ ಟೀಚರಿಗೆ ಹೇಳಬಹುದಿತ್ತಲ್ಲ?" ಎಂದಳು ನಸೀಮಾ.

"ಹೇಗೆ ಹೇಳಲಿ? ನಮ್ಮವರು ಎಂದು ನೋಡಬಾರದೆಂದು ಮಾತಾಗಿತ್ತು. ಅಕ್ಕ ಅಂಥ ಮಾತಿಗೆ ತಪ್ಪುವವರಲ್ಲ. ನಾನು ತಪ್ಪಿದೆ ಎಂದು ಅವರ ಮುಂದೆ ಹೇಳಲು ನಾಚಿಕೆಯಾಯಿತು."

ನಸೀಮಾಳ ಹೊಟ್ಟೆಯಲ್ಲಿ ಮಾತು ನಿಲ್ಲುತ್ತಿರಲಿಲ್ಲ. ಮರುದಿನವೇ ರುದ್ರಮ್ಮನಿಗೆ ಹೇಳಿದಳು. ರುದ್ರಮ್ಮ ಕೇಳಿದಳು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ತಿರುಮಲರಾಯರ ಕಾರ್ಡನ್ನು ನಾನೇ ಓದಿ ತಿದ್ದಿದ್ದೆ" ಎಂದಳು. "ಅವಳಪ್ಪ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನಗೆ ಹೊಳೆಯಲಿಲ್ಲ ನೋಡು. ವರ್ಷದ ಪ್ರಕಾರವೇ ಜೋಡಿಸು ತಾಯಿ. ನಾನು ಹೇಳಿದೆ ಎಂದು ಅವಳಿಗೆ ಹೇಳಬೇಡ."

ಅಲ್ಲಿಗೆ ಕತೆ ಮುಗಿಯಬೇಕಾಗಿತ್ತು. ಆದರೆ ನಸೀಮಾ ಕೈಯಲ್ಲಿ ಒಂದು ಕಾರ್ಡು ಹಿಡಿದುಕೊಂಡೇ ಬಂದಿದ್ದಳು.

"ಟೀಚರ್, ಇದರಲ್ಲಿ ವರ್ಷದ ಜಾಗದಲ್ಲಿ ಪಿಂಗಳ ಸಂವತ್ಸರ ಎಂದು ಮಾತ್ರ ಇದೆ. ಕಂಪ್ಯೂಟರಿಗೆ ಸಂವತ್ಸರ ತಿಳಿಯುವುದಿಲ್ಲ, ಅಂಕಿ ಬೇಕು. ಇದು ಯಾವ ಪಿಂಗಳ?"

ರುದ್ರಮ್ಮ ಕಾರ್ಡನ್ನು ನೋಡಿದಳು. ಅದು ಅವಳು ಒಬ್ಬಳೇ ಹುಡುಕುತ್ತಿದ್ದ ವರ್ಷಗಳಲ್ಲಿ ಬರೆದದ್ದು. ಹಳೆಯ ಕಾಗದಗಳನ್ನು ತೂಕಕ್ಕೆ ಹಾಕುತ್ತಿದ್ದ ಒಂದು ಮನೆಯಿಂದ ಆ ಪುಸ್ತಕವನ್ನು ಅವಳು ಬಿಡಿಸಿಕೊಂಡು ಬಂದಿದ್ದಳು. 'ಅಂಗಳದ ಆಟದ ಹಾಡುಗಳು', ಬರೆದವರು ದ್ಯಾಮಣ್ಣ ಮಾಸ್ತರು. ಅದರ ಇನ್ನೊಂದು ಪ್ರತಿಯನ್ನು ಅವಳು ಎಲ್ಲೂ ಕಂಡಿರಲಿಲ್ಲ. ದ್ಯಾಮಣ್ಣ ಮಾಸ್ತರು ಯಾರೆಂದು ಹೇಳುವವರೂ ಆ ಮನೆಯಲ್ಲಿ ಉಳಿದಿರಲಿಲ್ಲ.

ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪಿಂಗಳ ಎಂದರೆ ಸಾವಿರದ ಒಂಬೈನೂರ ಹದಿನೇಳೂ ಆಗಬಹುದು, ಎಪ್ಪತ್ತೇಳೂ ಆಗಬಹುದು. ಇದು ಯಾವುದೆಂದು ರುದ್ರಮ್ಮನಿಗೆ ಸಂಶಯವೇ ಇರಲಿಲ್ಲ. ಪುಸ್ತಕದ ಮೇಲೆ ಬೆಲೆ ಆಣೆಯಲ್ಲಿತ್ತು. ಅಂದರೆ ಹದಿನೇಳು. ಅಂದರೆ ಇದು ತಿರುಮಲರಾಯರಿಗಿಂತ ಎರಡು ವರ್ಷ ಹಳೆಯದು.

"ನಾಳೆ ಹೇಳುತ್ತೇನೆ" ಎಂದಳು ರುದ್ರಮ್ಮ.

ಮಧ್ಯಾಹ್ನವೆಲ್ಲ ಅವಳು ಆ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಎಪ್ಪತ್ತೇಳು ಎಂದು ಬರೆಸಿದರೆ ದ್ಯಾಮಣ್ಣ ಮಾಸ್ತರು ಎಲ್ಲೋ ನಡುವಿನ ಪುಟಕ್ಕೆ ಹೋಗುತ್ತಾರೆ. ಕೇಳುವವರು ಯಾರು? ಕಾರ್ಡನ್ನೇ ತೆಗೆದುಬಿಟ್ಟರೂ ಕೇಳುವವರಿಲ್ಲ. ಇಂದುಮತಿಯ ಕಣ್ಣು ಹೋಗಿದೆ, ಆಯುಷ್ಯ ಎಷ್ಟು ಉಳಿದಿದೆಯೋ. ಮೊದಲ ಪುಟದಲ್ಲಿ ಅಪ್ಪನ ಹೆಸರಿದೆ ಎಂದು ಯಾರಾದರೂ ಅವಳ ಬೆರಳು ಹಿಡಿದು ತೋರಿಸಿದರೆ ಅವಳು ನೆಮ್ಮದಿಯಾಗಿರುತ್ತಾಳೆ. ಆದರೆ ಈ ಮನುಷ್ಯ? ಇವರಿಗೆ ಮಗಳಿಲ್ಲ. ಇವರ ಪರವಾಗಿ ಜಗಳವಾಡಲು ಯಾರೂ ಇಲ್ಲ. ಲೋಕದಲ್ಲಿ ಇವರದೆಂದು ಉಳಿದಿರುವುದು ತನ್ನ ಮಡಿಲಲ್ಲಿರುವ ಈ ಪುಸ್ತಕ ಒಂದೇ.

ಸುಳ್ಳು ಅಂಕಿ ಬರೆಸಲು ಅವಳಿಂದ ಆಗಲಿಲ್ಲ. ನಿಜವಾದ ಅಂಕಿಯನ್ನು ಇಂದುಮತಿಗೆ ತಿಳಿಯದಂತೆ ಬರೆಸಲೂ ಆಗಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಇಂದುಮತಿಯ ಮನೆಗೆ ಹೊರಟಳು.

ಬಾಗಿಲು ತೆರೆದೇ ಇತ್ತು. ಇಂದುಮತಿ ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಹೆಜ್ಜೆ ಸಪ್ಪಳ ಕೇಳಿ ತಲೆ ಎತ್ತಿದಳು. "ಯಾರು?" ಎಂದಳು.

"ನಾನು, ಇಂದೂ."

ಇಂದುಮತಿಯ ಕೈಯಲ್ಲಿದ್ದ ಕಾಯಿ ಅಲ್ಲೇ ನಿಂತಿತು. ಅವಳು ಸ್ವಲ್ಪ ಸರಿದು ಚಾಪೆಯ ಮೇಲೆ ಜಾಗ ಮಾಡಿದಳು. ರುದ್ರಮ್ಮ ಕೂತಳು. ಮೊರದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ತಾನೂ ಸುಲಿಯತೊಡಗಿದಳು.

ಮೊರದಲ್ಲಿದ್ದದ್ದು ಮುಗಿದ ಮೇಲೆ ಹೇಳಿದಳು: "ನಸೀಮಾ ನನಗೆಲ್ಲ ಹೇಳಿದಳು. ವರ್ಷದ ಪ್ರಕಾರವೇ ಜೋಡಿಸು ಎಂದೆ. ಆದರೆ ಇಂದೂ, ನಾನೊಂದು ಕೆಟ್ಟ ಕೆಲಸ ಮಾಡಿದ್ದೇನೆ. ನಿನ್ನ ಅಪ್ಪನಿಗಿಂತ ಹಳೆಯ ಪುಸ್ತಕ ಒಂದನ್ನು ಹುಡುಕಿಬಿಟ್ಟಿದ್ದೇನೆ."

ರುದ್ರಮ್ಮ ಚೀಲದಿಂದ ಪುಸ್ತಕ ತೆಗೆದು ಇಂದುಮತಿಯ ಕೈಯಲ್ಲಿಟ್ಟಳು. "ಸಂವತ್ಸರ ಮಾತ್ರ ಇದೆ. ಅಂಕಿ ನಾವು ಹಾಕಬೇಕು. ಯಾವ ಅಂಕಿ ಎಂದು ನನಗೆ ಗೊತ್ತು. ಆದರೆ ನೀನು ಓದಿ ತಿದ್ದದೆ ನಾನು ಹೇಗೆ ಬರೆಸಲಿ?"

ಇಂದುಮತಿ ಪುಸ್ತಕವನ್ನು ಸವರಿದಳು. ಹೊಲಿಗೆಯ ದಾರವನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ನನಗೆ ಓದಲು ಬರುವುದಿಲ್ಲ ಅಕ್ಕಾ. ನೀವೇ ಓದಿ ಹೇಳಿ" ಎಂದಳು.

ರುದ್ರಮ್ಮ ತರಗತಿಯಲ್ಲಿ ಓದುವ ಹಾಗೆ ಓದಿದಳು:

"ಒಂದು ಇರುವೆ, ಒಂಟಿ ಇರುವೆ, ದಾರಿ ತಪ್ಪಿತು;
ಎರಡನೆಯದು ಹಿಂದೆ ಬಂತು, ದಾರಿ ಸಿಕ್ಕಿತು."

ಹತ್ತರವರೆಗೂ ಇರುವೆಗಳು ಬಂದವು. ಹತ್ತನೆಯ ಇರುವೆ ಸಕ್ಕರೆ ಡಬ್ಬಿ ಸೇರಿದಾಗ ಇಂದುಮತಿಗೆ ನಗು ಬಂತು.

"ಯಾವ ಊರಿನವರು?" ಎಂದು ಕೇಳಿದಳು.

ರುದ್ರಮ್ಮ ಊರಿನ ಹೆಸರು ಹೇಳಿದಳು. ಅದು ತಿರುಮಲರಾಯರು ಮಾಸ್ತರಿಕೆ ಮಾಡಿದ ಊರಿನಿಂದ ಎರಡು ಹರದಾರಿ ದೂರ. ನಡುವೆ ಒಂದು ಹಳ್ಳ ಇತ್ತು. ಸಂತೆಗೆ ಎರಡೂ ಊರಿನವರು ಒಂದೇ ಕಡೆ ಬರುತ್ತಿದ್ದರು.

ಇಂದುಮತಿಯ ನಗು ನಿಂತಿತು. ಅವಳಿಗೆ ಸಂಕಟವಾಯಿತೆಂದು ರುದ್ರಮ್ಮ ತಿಳಿದಳು. ಹದಿನೇಳು ಎಂದು ಬರೆಸುವ ಧೈರ್ಯ ರುದ್ರಮ್ಮನಲ್ಲಿ ಕುಸಿಯುತ್ತ ಬಂತು.

ಆಗ ಇಂದುಮತಿ ಹೇಳಿದಳು: "ಪಾಪ ಅಕ್ಕಾ, ನಮ್ಮ ಅಪ್ಪ. ಇಂಥ ಹುಚ್ಚು ತನಗೊಬ್ಬನಿಗೇ ಎಂದುಕೊಂಡು ಸತ್ತರು. ಹಳ್ಳದ ಆಚೆ ಇನ್ನೊಬ್ಬರು ಇದ್ದರಲ್ಲ! ಮೊದಲೇ ಬರೆದು ಇಟ್ಟಿದ್ದರಲ್ಲ! ಒಂದು ಸಂತೆಯ ದಿನ ಇಬ್ಬರೂ ಭೇಟಿಯಾಗಿದ್ದರೆ ಅಪ್ಪ ಬರೆಯುವುದನ್ನು ಬಿಡುತ್ತಿರಲಿಲ್ಲ."

ಅವಳು ಅತ್ತಳು. ಆದರೆ ಆ ಅಳು ರುದ್ರಮ್ಮ ಹೆದರಿದ್ದ ಅಳುವಾಗಿರಲಿಲ್ಲ. ರುದ್ರಮ್ಮನೂ ಅತ್ತಳು. ಅವಳ ಅಳುವಿಗೆ ತಿರುಮಲರಾಯರು ಕಾರಣರಲ್ಲ. ತಾವಿಬ್ಬರೂ ಒಂದೇ ಊರಿನಲ್ಲಿದ್ದು, ನಡುವೆ ಹಳ್ಳವೂ ಇಲ್ಲದೆ, ಒಂಬತ್ತು ವರ್ಷ ಕಳೆದೆವಲ್ಲ ಎಂದು ಅತ್ತಳು.

"ಹದಿನೇಳು ಎಂದೇ ಬರೆಸಿ" ಎಂದಳು ಇಂದುಮತಿ. "ಅಪ್ಪನ ಮುಂದೆ ಅವರಿರಲಿ."

ಮರುದಿನ ಇಬ್ಬರೂ ಕೈ ಹಿಡಿದುಕೊಂಡು ಗ್ರಂಥಾಲಯಕ್ಕೆ ಹೋದರು. ನಸೀಮಾ ಎರಡು ಕುರ್ಚಿ ಹಾಕಿದಳು. ಎರಡೂ ಮನೆಯ ದಾಖಲೆಗಳನ್ನು ಒಂದುಗೂಡಿಸಿದಳು. ದ್ಯಾಮಣ್ಣ ಮಾಸ್ತರರ ಕಾರ್ಡಿನಲ್ಲಿ ರುದ್ರಮ್ಮ ಬರೆದುಕೊಟ್ಟ ಅಂಕಿಯನ್ನು ದಾಖಲೆಗೆ ಹಾಕಿದಳು. ವರ್ಷ ನೋಡಿ ಜೋಡಿಸು ಎಂದು ಒಂದು ಸಾಲು ಬರೆದು ಕೀಲಿ ಒತ್ತಿದಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಆಗಿಹೋಯಿತು.

ರುದ್ರಮ್ಮ ಪರದೆಯ ಹತ್ತಿರ ಬಗ್ಗಿ ಓದಿದಳು. ಓದುತ್ತ ಹುಬ್ಬು ಗಂಟಿಕ್ಕಿದಳು. ಮೊದಲಿಗೆ ತಿರುಮಲರಾಯರೇ ಇದ್ದರು. ದ್ಯಾಮಣ್ಣ ಮಾಸ್ತರು ಅರ್ಧ ದಾಟಿದ ಮೇಲೆ ಬಂದರು.

"ಇದೇನು? ತಪ್ಪು ಜೋಡಿಸಿದೆ!"

ನಸೀಮಾ ನೋಡಿದಳು. ತಪ್ಪು ಎಲ್ಲಿ ಎಂದು ಅವಳಿಗೆ ತಿಳಿಯಲು ತಡವಾಗಲಿಲ್ಲ. ಇಂದುಮತಿ ತನ್ನ ಕಾರ್ಡುಗಳಲ್ಲಿ ವರ್ಷವನ್ನು ಇಂಗ್ಲಿಷ್ ಅಂಕಿಗಳಲ್ಲಿ ಬರೆದಿದ್ದಳು. ರುದ್ರಮ್ಮ ಯಾವಾಗಲೂ ಕನ್ನಡ ಅಂಕಿಗಳನ್ನೇ ಬರೆಯುವವಳು. ನಸೀಮಾ ಇದ್ದದ್ದನ್ನು ಇದ್ದಂತೆಯೇ ಹಾಕಿದ್ದಳು. ಕಂಪ್ಯೂಟರಿಗೆ ಎರಡೂ ಒಂದೇ ಎಂದು ಗೊತ್ತಿರಲಿಲ್ಲ. ಅದು ಇಂದುಮತಿಯ ಪುಸ್ತಕಗಳನ್ನೆಲ್ಲ ಮೊದಲು ಒಂದು ಗುಂಪಾಗಿ ಇಟ್ಟಿತ್ತು. ರುದ್ರಮ್ಮನ ಪುಸ್ತಕಗಳನ್ನೆಲ್ಲ ಆಮೇಲೆ ಇನ್ನೊಂದು ಗುಂಪಾಗಿ ಇಟ್ಟಿತ್ತು.

ನಸೀಮಾ ಇದನ್ನು ವಿವರಿಸಿದಳು.

"ನಮ್ಮ ಜಗಳ ಇದಕ್ಕೂ ಗೊತ್ತಾಗಿಬಿಟ್ಟಿದೆ" ಎಂದಳು ಇಂದುಮತಿ.

"ನನ್ನ ಅಂಕಿಗಳನ್ನು ಬದಲಿಸಿಬಿಡು ತಾಯಿ" ಎಂದಳು ರುದ್ರಮ್ಮ.

"ಬೇಡ, ನನ್ನವನ್ನೇ ಬದಲಿಸು. ಅಕ್ಕನ ಅಂಕಿಗಳು ದುಂಡಗೆ ಚೆನ್ನಾಗಿರುತ್ತವೆ" ಎಂದಳು ಇಂದುಮತಿ.

ನಸೀಮಾ ಒಬ್ಬರದನ್ನು ಬದಲಿಸಿದಳು. ಯಾರದನ್ನು ಎಂದು ಹೇಳಲಿಲ್ಲ. ಮತ್ತೆ ಕೀಲಿ ಒತ್ತಿದಳು. ಈ ಸಲ ಒಬ್ಬಳ ಪುಸ್ತಕದ ಪಕ್ಕದಲ್ಲಿ ಇನ್ನೊಬ್ಬಳ ಪುಸ್ತಕ ಬಂದು ನಿಂತಿತು. ಮೊದಲು ದ್ಯಾಮಣ್ಣ ಮಾಸ್ತರು. ಅವರ ಬೆನ್ನ ಹಿಂದೆಯೇ ತಿರುಮಲರಾಯ ಮಾಸ್ತರು. ರುದ್ರಮ್ಮ ಒಂದೊಂದನ್ನೇ ಓದಿ ಹೇಳಿದಳು, ಇಂದುಮತಿ ಕೇಳಿದಳು. "ಇದು ಆ ಮಳೆಯ ದಿನ ಸಿಕ್ಕಿದ್ದು" ಎಂದಳು. "ಇದಕ್ಕೆ ಆ ಮನೆಯ ಮುದುಕ ನಾಯಿ ಬಿಟ್ಟಿದ್ದ" ಎಂದಳು. ಕೆಲವು ಪುಸ್ತಕಗಳು ಅವಳಿಗೆ ಹೊಸವು, ಅಕ್ಕ ಒಬ್ಬಳೇ ಹೋಗಿ ತಂದವು. ಅವು ಬಂದಾಗ ಅವಳು ಸುಮ್ಮನೆ ಕೇಳಿದಳು. ಗ್ರಂಥಾಲಯ ಮುಚ್ಚುವ ಹೊತ್ತಾದರೂ ಓದು ಮುಗಿಯಲಿಲ್ಲ. ನಸೀಮಾ ಬೀಗದ ಕೈ ಹಿಡಿದುಕೊಂಡು ಕಾದಳು.

ಕೊನೆಗೆ ಅವಳು ಕೇಳಿದಳು: "ಅಚ್ಚಿಗೆ ಯಾವ ಕ್ರಮದಲ್ಲಿ ಕೊಡಲಿ?"

"ಹೆಸರಿನ ಪ್ರಕಾರ ಕೊಡು" ಎಂದಳು ಇಂದುಮತಿ. "ಅಕ್ಕ ಹೇಳಿದ್ದು ಸರಿ. ಹುಡುಕುವವರು ಹೆಸರು ಹಿಡಿದುಕೊಂಡೇ ಬರುತ್ತಾರೆ."

"ಬೇಡ, ವರ್ಷದ ಪ್ರಕಾರ ಕೊಡು" ಎಂದಳು ರುದ್ರಮ್ಮ. "ಯಾರ ಹಿಂದೆ ಯಾರು ಬಂದರೆಂದು ಕಾಣಬೇಕು."

"ಅಕ್ಕಾ, ಸುಮ್ಮನಿರಿ."

"ನೀನು ಸುಮ್ಮನಿರು."

ನಸೀಮಾ ಇಬ್ಬರ ಮುಖವನ್ನೂ ನೋಡಿದಳು. ನಗು ತಡೆಯಲಾರದೆ ಬೀಗದ ಕೈಯನ್ನು ಮೇಜಿನ ಮೇಲೆ ಇಟ್ಟು ತಾನೂ ಕೂತುಬಿಟ್ಟಳು.

ಗುರುಗಳು ಇಲ್ಲಿಗೆ ಕತೆಯನ್ನು ನಿಲ್ಲಿಸಿದರು.

ಕೊಟ್ರಯ್ಯ ಕಾದ. ಕೊನೆಗೆ ಅವನೇ ಕೇಳಿದ:

"ಗುರುಗಳೇ, ಆ ಸೂಚಿ ಅಚ್ಚಾಯಿತೇ?"

"ಆಯಿತು. ಇಬ್ಬರೂ ಇರುವಾಗಲೇ ಆಯಿತು."

"ಯಾವ ಕ್ರಮದಲ್ಲಿ?"

"ನಮ್ಮ ಗ್ರಂಥಾಲಯದಲ್ಲೇ ಇದೆ, ಹೋಗಿ ನೋಡು, ಆದರೆ ಒಬ್ಬನೇ ಹೋಗಬೇಡ" ಎಂದರು ಗುರುಗಳು.

ಕೊಟ್ರಯ್ಯ ಎದ್ದು ಶಾಂತಯ್ಯನನ್ನು ಹುಡುಕಿಕೊಂಡು ಹೋದ.